ತುಂಗಳ ಕೋಣೆಯ ಗೋಡೆ

ನಮ್ಮ ಊರಿನಲ್ಲಿ ಹೆಣ್ಣು ನೋಡಲು ಬಂದವರು ಮೊದಲು ಗೋಡೆ ನೋಡುತ್ತಾರೆ. ಹುಡುಗಿ ಕಾಫಿ ತಂದಿಟ್ಟು ತಲೆ ತಗ್ಗಿಸಿ ಕೂತಿದ್ದರೂ ಅವರ ಕಣ್ಣೆಲ್ಲ ಅವಳ ತಾಯಿ ಮಲಗುವ ಕೋಣೆಯ ಕಡೆಗೆ. "ಮನೆ ಎಷ್ಟು ತಂಪಾಗಿದೆ" ಎನ್ನುತ್ತ ಎದ್ದು ಒಳಗೆ ಹೋಗಿ, ಬೆರಳಿನ ಗೆಣ್ಣಿನಿಂದ ಗೋಡೆ ಕುಟ್ಟಿ ನೋಡಿ ಬರುತ್ತಾರೆ. ಹಾಗಾಗಿ ಯಾರ ಮನೆಗೆ ಗಂಡಿನ ಕಡೆಯವರು ಬರುತ್ತಾರೆಂದು ನಾವು ಕೇಳಬೇಕಾಗಿಲ್ಲ. ಬೆಳಿಗ್ಗೆ ಬೀರು ಎಳೆಯುವ ಸದ್ದು ಕೇಳಿಸಿದರೆ ತಿಳಿಯಿತು. ಗೋಡೆ ಉಬ್ಬಿದ ಕಡೆ ಬೀರು ಅಡ್ಡ ಇಡುವುದು ಅಜ್ಜಿಯರ ಕಾಲದಿಂದ ಬಂದದ್ದು. ಅದು ಬಂದವರಿಗೂ ಗೊತ್ತು. ಬೀರು ಸರಿಸಿ ಎಂದು ಕೇಳುವುದು ಮರ್ಯಾದೆಯಲ್ಲವಾದ್ದರಿಂದ ಉಪ್ಪಿಟ್ಟು ತಿಂದು, ಕಾಫಿ ಕುಡಿದು, ತಿಳಿಸುತ್ತೇವೆ ಎಂದು ಹೋಗಿ ಸುಮ್ಮನಾಗುತ್ತಾರೆ.

ಈ ಗೋಡೆಗಳನ್ನು ಕಟ್ಟಿದವರು ಯಾರೋ, ಕಾಯುವವು ಇರುವೆಗಳು. ಎಲ್ಲಾದರೂ ಬಿರುಕು ಬಿಟ್ಟರೆ ಅಲ್ಲಿರುವ ಇರುವೆ ಪಕ್ಕದ್ದಕ್ಕೆ ಮೀಸೆ ತಾಗಿಸಿ 'ಬೇಕು' ಎನ್ನುತ್ತದೆ, ಅದು ಅದರಾಚೆಯದಕ್ಕೆ. ಹೀಗೆ ಸಾಲು ಹಿಡಿದು ಮಾತು ಗೋಡೆಯ ಒಡಲಿಗೆ ಮುಟ್ಟಿದ ಮೇಲೆ ಒಳಗಿನವು ಮಣ್ಣು ಹೊತ್ತು ತಂದು ಮೆತ್ತುತ್ತವೆ. ಬಿರುಕು ತುಂಬಿದ ಮೇಲೆ ಅದೇ ಸಾಲಿನಲ್ಲಿ 'ಸಾಕು' ಹೋಗುತ್ತದೆ, ಕೆಲಸ ನಿಲ್ಲುತ್ತದೆ. ಯಾರ ಹಾಸಿಗೆ ಯಾವ ಗೋಡೆಗೆ ತಾಗಿದೆಯೋ ಅವರ ಮೈ ಆ ಗೋಡೆಯ ಜೊತೆಗಿರುತ್ತದೆ. ಮಗು ಬಿದ್ದು ಮಂಡಿ ತರಚಿಕೊಂಡರೆ ಅದರ ಗೋಡೆಯಲ್ಲೂ ಒಂದು ಸಣ್ಣ ಗೆರೆ. ಗೆರೆ ಮುಚ್ಚಿದ ದಿನ ಗಾಯ ಒಣಗಿತೆಂದು ತಾಯಂದಿರು ಎಣ್ಣೆ ನೀರು ಹಾಕುತ್ತಾರೆ. ಗೋಡೆ ಉಬ್ಬಿದರೆ ಮಾತ್ರ ಮಕ್ಕಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತೇವೆ. ಹಾಸಿಗೆ ಬದಲಿಸಿದರೆ ಉಬ್ಬೂ ಬೆನ್ನಿಗೇ ಬರುತ್ತದೆ. ಬೇರೆ ಊರುಗಳಲ್ಲಿ ಅದಕ್ಕೆ ಕ್ಯಾನ್ಸರ್ ಎನ್ನುತ್ತಾರೆ. ನಾವೂ ಹಾಗೇ ಎನ್ನುತ್ತೇವೆ, ದನಿ ತಗ್ಗಿಸಿ.

ನಾನು ಲೀಲಾವತಿ, ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವರಿವರಿಗೆ ಲೈನ್ ಕೊಡುತ್ತಲೇ ತಲೆ ಬೆಳ್ಳಗಾದವಳು. ತುಂಗ ನನ್ನ ನಾದಿನಿ. ಗಂಡ ಸತ್ತ ಮೇಲೆ ಕೈಗೂಸನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದಳು. ಕೆಲವು ವರ್ಷಕ್ಕೆ ನನ್ನ ಯಜಮಾನರೂ ಹೋದರು. ನಮ್ಮಿಬ್ಬರನ್ನು ಒಂದೇ ಸೂರಿನಡಿ ತಂದ ಮನುಷ್ಯ ಹೋದ ಮೇಲೂ ನಾವು ಬೇರೆಯಾಗಲಿಲ್ಲ, ಯಾಕೆಂದರೆ ಜಗಳವಾಡಲು ಇಬ್ಬರಿಗೂ ಬೇರೆ ಜನ ಇರಲಿಲ್ಲ. ನಾನು ಮಾಡಿದ ಸಾರಿಗೆ ಅವಳು ಮರೆಯಲ್ಲಿ ಬೆಲ್ಲ ಹಾಕುತ್ತಾಳೆ. ಅವಳು ಮಡಿಸಿಟ್ಟ ಸೀರೆಯನ್ನು ನಾನು ಬಿಚ್ಚಿ ಮತ್ತೆ ಮಡಿಸುತ್ತೇನೆ. ಹಾವು ಮುಂಗುಸಿ ಎಂದು ಬೀದಿಯವರು ನಗುತ್ತಾರೆ. ನಗಲಿ. ಅವಳ ಮಗಳು ವಾರಿಜ ಇಬ್ಬರಿಂದಲೂ ಬೈಸಿಕೊಂಡು, ಇಬ್ಬರ ಕೈತುತ್ತನ್ನೂ ತಿಂದು ಬೆಳೆದು, ಈಗ ಚಿಕ್ಕಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದಾಳೆ.

ಆ ವರ್ಷ ತುಂಗಳಿಗೆ ಒಂದು ಕೆಮ್ಮು ಹಿಡಿಯಿತು. ಶುಂಠಿ ಕಷಾಯ, ಕಾಳುಮೆಣಸು, ಜೇನುತುಪ್ಪ ಎಲ್ಲ ಆದರೂ ಅದು ಜಗ್ಗಲಿಲ್ಲ. ಒಂದು ಬೆಳಿಗ್ಗೆ ಅವಳ ಕೋಣೆ ಗುಡಿಸಲು ಹೋದವಳು ನೋಡುತ್ತೇನೆ, ಮಂಚದ ಪಕ್ಕದ ಗೋಡೆಗೆ ಹೊಸ ಕ್ಯಾಲೆಂಡರ್. ಅದೂ ನಿಂತವರಿಗೆ ಕಾಣುವ ಎತ್ತರದಲ್ಲಿಲ್ಲ, ಮಲಗಿದವರ ಎದೆಯ ಮಟ್ಟಕ್ಕೆ. ಸಾಲದ್ದಕ್ಕೆ ನೆಟ್ಟಗೆ ತೂಗದೆ ಬಸುರಿಯ ಹಾಗೆ ಹೊಟ್ಟೆ ಮುಂದೆ ಮಾಡಿಕೊಂಡಿದೆ. ಪೊರಕೆ ಕೆಳಗಿಟ್ಟು ಎತ್ತಿ ನೋಡಿದೆ. ಹಿಂದೆ ಗೋಡೆ ತೆಂಗಿನ ಹೋಳಿನಷ್ಟು ಉಬ್ಬಿತ್ತು. ಮೇಲೆಲ್ಲ ಇರುವೆಗಳು ಮಣ್ಣು ಹೊತ್ತು ಓಡಾಡುತ್ತಿದ್ದವು. ಮಂಚದ ಮೇಲೆ ಕೂತುಬಿಟ್ಟೆ.

ಅಷ್ಟರಲ್ಲಿ ತುಂಗ ಬಾಗಿಲಿಗೆ ಬಂದಳು. "ಯಾವಾಗಿಂದ?" ಎಂದೆ.

"ಏನು ಯಾವಾಗಿಂದ? ಲಕ್ಷ್ಮಿ ಚಿತ್ರ ಚೆನ್ನಾಗಿತ್ತು, ಹಾಕ್ಕೊಂಡೆ."

"ಲಕ್ಷ್ಮೀನ ಯಾರಾದ್ರೂ ದಿಂಬಿನ ಪಕ್ಕ ಕೂರಿಸ್ತಾರೇನೇ? ಯಾವಾಗಿಂದ ಅಂದೆ."

ಅವಳು ಒಳಗೆ ಬಂದಳು. ಕ್ಯಾಲೆಂಡರನ್ನು ನನ್ನ ಕೈಯಿಂದ ತೆಗೆದುಕೊಂಡು ಅದೇ ಮೊಳೆಗೆ ಸಿಕ್ಕಿಸಿದಳು. ಆಮೇಲೆ, "ಹೊಗೆ ಮಾತ್ರ ಹಾಕಿಸ್ಬೇಡಿ ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದಳು. ತನ್ನ ಮದುವೆಯ ದಿನ ಬಿಟ್ಟರೆ ಅವಳು ನನ್ನ ಕಾಲಿನ ಮಾತೆತ್ತಿದ್ದು ಅದೇ ಮೊದಲು.

ಹೊಗೆ ಎಂದರೇನೆಂದು ನಾವಿಬ್ಬರೂ ಕಂಡವರು. ಅವಳ ತಾಯಿ, ನನ್ನ ಅತ್ತೆ, ಹೊಟ್ಟೆಯ ಮಟ್ಟದಲ್ಲಿ ಗೋಡೆ ಉಬ್ಬಿ ಹೊಗೆಯಲ್ಲೇ ಹೋದದ್ದು. ಕೋಣೆಯ ಬಾಗಿಲು ಹಾಕಿ ಗಂಧಕ, ಬೇವಿನ ಹಿಂಡಿ ಸುಟ್ಟರೆ ಗೋಡೆಯ ಇರುವೆಗಳೆಲ್ಲ ಸಾಯುತ್ತವೆ, ಕೆಟ್ಟವೂ ಒಳ್ಳೆಯವೂ. ಎಷ್ಟೋ ಜನ ಅದರಿಂದಲೇ ಬದುಕಿದ್ದಾರೆ, ಹೊಗೆಯನ್ನು ನಾನು ಹಳಿಯುವುದಿಲ್ಲ. ಆದರೆ ಬಿರುಕು ಮುಚ್ಚಲು ಒಂದೂ ಇರುವೆ ಉಳಿಯದೆ ಗಾರೆ ಉದುರುತ್ತದೆ, ಮಲಗಿದವರ ಕೂದಲೂ ಉದುರುತ್ತದೆ, ಬಾಯಿ ಹುಣ್ಣಾಗಿ ಗಂಜಿ ಇಳಿಯುವುದಿಲ್ಲ. ಅತ್ತೆಯವರು ಕೊನೆಗೆ ನೀರನ್ನೂ ಕಹಿ ಎಂದು ಉಗುಳಿದರು. ಲೋಟ ಹಿಡಿದು ನಿಂತಿದ್ದವಳು ತುಂಗ.

ಡಾಕ್ಟರ್ ಮಂದಾಕಿನಿ ಊರಿಗೆ ಹೊಸಬರು. ನಾನು ಹೇಳಿ ಕಳಿಸಿದ್ದಕ್ಕೆ ಮನೆಗೆ ಬಂದವರೇ ಸ್ಟೆತಾಸ್ಕೋಪನ್ನು ಬ್ಯಾಗಿನಲ್ಲೇ ಬಿಟ್ಟು, ಭೂತಗನ್ನಡಿ ಹಿಡಿದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಗೋಡೆಯ ಮುಂದೆ ಕೂತರು. ನಾನು ಕೊಟ್ಟ ಕಾಫಿ ಆರಿ ತಣ್ಣಗಾಯಿತು. ಕೊನೆಗೆ ನನ್ನನ್ನೂ ಕರೆದು ಕನ್ನಡಿ ಕೈಗೆ ಕೊಟ್ಟರು.

"ಈ ಸಾಲು ನೋಡಿ ಅಮ್ಮಾ. ಇಲ್ಲಿ ತಲೆ ಎತ್ತಿ ನಿಂತಿದೆಯಲ್ಲ, ಇದು. ಹಿಂದಿನಿಂದ ಯಾರೂ ಏನೂ ಹೇಳದೇ ಇದ್ರೂ ಮುಂದಿನದಕ್ಕೆ 'ಬೇಕು, ಬೇಕು' ಅಂತಾನೇ ಇದೆ. 'ಸಾಕು' ಅಂದ್ರೆ ಇದಕ್ಕೆ ಕೇಳ್ಸಲ್ಲ. ಪಾಪ, ಮಣ್ಣು ಹೊರೋವು ಹೇಳಿದ ಕೆಲಸ ಮಾಡ್ತಿವೆ ಅಷ್ಟೆ."

"ಫೋನ್ ಎತ್ತಿದವರು ಇಳಿಸೋದು ಮರೆತ ಹಾಗೆ" ಎಂದೆ.

"ಹಾಗೇ. ಅದೊಂದನ್ನ ಇಳಿಸಿದ್ರೆ ಸಾಕು, ಇಡೀ ಎಕ್ಸ್‌ಚೇಂಜ್ ಸುಡಬೇಕಾಗಿಲ್ಲ."

ಬಾಗಿಲ ಮರೆಯಲ್ಲಿದ್ದ ತುಂಗ ಆಗ ಮಾತಾಡಿದಳು. ತನ್ನ ಜೀವ ಉಳಿಯುತ್ತದೆಯೇ ಎಂದು ಅವಳು ಕೇಳಲಿಲ್ಲ. "ಇದು ನಮ್ಮಮ್ಮನಿಂದ ಬಂದಿದ್ದಾ? ನನ್ನ ಮಗಳಿಗೂ ಹೋಗುತ್ತಾ?" ಎಂದು ಕೇಳಿದಳು. ಡಾಕ್ಟರು ಚಿಟಿಕೆ ಮಣ್ಣನ್ನು ಇರುವೆ ಸಮೇತ ಗಾಜಿನ ನಳಿಕೆಗೆ ತುಂಬಿಕೊಳ್ಳುತ್ತ, ಪರೀಕ್ಷೆ ಆಗಲಿ, ಹೇಳುತ್ತೇನೆ ಎಂದರು. ಎರಡು ವಾರ ಕಳೆದು ಉತ್ತರ ಬಂತು. ಇದು ತುಂಗಳ ಗೋಡೆಯಲ್ಲೇ ಕೆಟ್ಟ ಇರುವೆ. ತಾಯಿಯಿಂದ ಬಂದದ್ದಲ್ಲ, ಮಗಳಿಗೆ ಹೋಗುವುದೂ ಅಲ್ಲ. ಅದಕ್ಕೆಂದೇ ಮಾಡಿದ ಮಾತ್ರೆ ಇದೆ. ಅವಳು ಇದನ್ನು ಕೇಳಿ ಒಳಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಸಂತೋಷಕ್ಕೆ ಅತ್ತದ್ದು. ಆದರೆ ಡಾಕ್ಟರು ಹೇಳಿದ್ದನ್ನು ನಮ್ಮ ಊರು ನಂಬಬೇಕಲ್ಲ! ನಮ್ಮಲ್ಲಿ ತಾಯಿಯ ಗೋಡೆ ಉಬ್ಬಿದರೆ ಮಗಳನ್ನು ಕೇಳುವವರಿಲ್ಲ.

ಹಳದಿ ಬಣ್ಣದ ಸಣ್ಣ ಮಾತ್ರೆ, ದಿನಕ್ಕೊಂದು, ಖಾಲಿ ಹೊಟ್ಟೆಗೆ. ಮೊದಮೊದಲು ಭೇದಿಯಾಗಿ ಸುಸ್ತಾದಳು. ಆಮೇಲೆ ಮುಖದ ತುಂಬ ಗುಳ್ಳೆ ಎದ್ದವು. "ಈ ವಯಸ್ಸಿಗೆ ಮೊಡವೆ ಬರಿಸ್ಕೊಂಡಿದ್ದೀಯಲ್ಲೇ, ಗಂಡು ನೋಡೋದು ನಿನಗೋ ಮಗಳಿಗೋ?" ಎಂದು ಛೇಡಿಸಿದೆ. ಅವಳು ಕನ್ನಡಿ ಬೋರಲು ಹಾಕಿದಳು. ಗುಳ್ಳೆಯೂ ಮಾತ್ರೆ ಹತ್ತುತ್ತಿರುವ ಗುರುತೇ ಎಂದು ಡಾಕ್ಟರು ಹೇಳಿದ ದಿನ ಮತ್ತೆ ಎತ್ತಿಟ್ಟಳು. ಅಷ್ಟರಲ್ಲಿ ಗೋಡೆಯ ಮೇಲೆ ನಾನು ಜನ್ಮದಲ್ಲಿ ಕಾಣದ್ದನ್ನು ಕಂಡೆ. ಇರುವೆಗಳು ನಿಂತಿದ್ದವು. ಸತ್ತಿರಲಿಲ್ಲ. ಮಣ್ಣಿನ ಕಾಳು ಬಾಯಲ್ಲಿ ಹಿಡಿದು, ಯಾರೂ ಕರೆಯದ ಆಳುಗಳ ಹಾಗೆ ನಿಂತಲ್ಲೇ ನಿಂತಿದ್ದವು. ಕೆಲವು ದಿನಕ್ಕೆ ಕಾಳು ಕೆಳಗಿಟ್ಟು ಚದುರಿದವು. ಕೆಮ್ಮು ಇಳಿಯಿತು, ಉಬ್ಬು ನಿಂಬೆಹಣ್ಣಾಯಿತು, ಆಮೇಲೆ ಸವರಿದರೆ ಮಾತ್ರ ಗೊತ್ತಾಗುವಷ್ಟಾಯಿತು. ನನ್ನ ಸಾರಿಗೆ ಮತ್ತೆ ಬೆಲ್ಲ ಬಿತ್ತು. ಅಂದು ನಾನು ಜಗಳವಾಡಲಿಲ್ಲ.

ಸುದ್ದಿ ತಿಳಿದು ಎದುರುಮನೆಯ ಪುಟ್ಟರಂಗಣ್ಣ ಕಾಫಿಪುಡಿ ಕೇಳುವ ಧಾಟಿಯಲ್ಲಿ "ನಾಕು ಮಾತ್ರೆ ಇದ್ರೆ ಕೊಡಿ ಅಕ್ಕಾ, ನನ್ನ ಗೋಡೇನೂ ಸೊಂಟದ ಹತ್ರ ಉಬ್ಬಿದೆ" ಎಂದು ಬಂದ. ತುಂಗ ಕೊಟ್ಟೇಬಿಡುತ್ತಿದ್ದಳೋ ಏನೋ. ಗೋಡೆ ನೋಡಲು ಬಂದಿದ್ದ ಡಾಕ್ಟರು ತಡೆದರು. ಅವನ ಗೋಡೆಯಲ್ಲಿ ಫೋನ್ ಎತ್ತಿ ಕೂತಿರುವುದು ಬೇರೆ ಇರುವೆ, ಈ ಮಾತ್ರೆ ಅದಕ್ಕೆ ತಾಗುವುದಿಲ್ಲ, ಸುಮ್ಮನೆ ಭೇದಿಯೊಂದೇ ಲಾಭ ಎಂದು ಅವನ ಮನೆಗೂ ಭೂತಗನ್ನಡಿ ಹಿಡಿದು ಹೋದರು. ಹೋಗುವ ಮುಂಚೆ ತುಂಗಳಿಗೆ ಬೆರಳೆತ್ತಿ ಹೇಳಿದರು, "ಗೋಡೆ ಬರಿದಾಗಿರ್ಲಿ. ಸುಣ್ಣ ಬೇಡ, ಬಣ್ಣ ಬೇಡ, ಕ್ಯಾಲೆಂಡರೂ ಬೇಡ. ಇವು ಸುಮ್ಮನೆ ಕೂರೋ ಜಾತಿ ಅಲ್ಲ. ಏನು ಮಾಡ್ತಾವೆ ಅಂತ ನಮಗೆ ಕಾಣ್ತಿರ್ಬೇಕು." ತುಂಗ ವಿಧೇಯಳಾಗಿ ತಲೆಯಾಡಿಸಿದಳು. ಅವಳು ಹಾಗೆ ತಲೆಯಾಡಿಸಿದಾಗ ನಂಬಬಾರದೆಂದು ಡಾಕ್ಟರಿಗೆ ಹೇಗೆ ಗೊತ್ತಾಗಬೇಕು?

ವಾರಿಜಳಿಗೆ ಒಳ್ಳೆಯ ಕಡೆಯಿಂದ ಸಂಬಂಧ ಬಂತು. ಹುಡುಗ ಪದ್ಮನಾಭ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಮನೆಯಲ್ಲಿ ತಾಯಿ ಕಮಲಾಕ್ಷಮ್ಮ ಒಬ್ಬರೇ. ಅವರು ಬರುವ ಹಿಂದಿನ ದಿನ ನಾನು ಒಂದು ನಾಮಕರಣಕ್ಕೆ ಹೋಗಿದ್ದೆ. ತಿರುಗಿ ಬಂದು ನೋಡಿದರೆ ತುಂಗಳ ಕೋಣೆ ಸುಣ್ಣದಲ್ಲಿ ಫಳಫಳ ಹೊಳೆಯುತ್ತಿದೆ, ಅವಳ ಮೂಗಿನ ಮೇಲೂ ಒಂದು ಹನಿ ಸುಣ್ಣ.

"ಏನೇ ಮಾಡ್ದೆ?"

"ಉಬ್ಬೇ ಇಲ್ಲ, ಇನ್ನೇನು ನೋಡೋದಿದೆ? ಕಲೆ ಒಂದು ಉಳ್ಕೊಂಡಿತ್ತು. ಅದನ್ನ ನೋಡಿ ಅವರು ಎದ್ದು ಹೋದ್ರೆ? ನನ್ನಿಂದ ನನ್ನ ಮಗಳು ಮನೇಲಿ ಕೂರ್ಬೇಕಾ ಅತ್ತಿಗೆ?"

ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವಳೂ ಅಂದಳು. ಆದರೆ ಬಳಿದ ಸುಣ್ಣವನ್ನು ಬೈದು ಕೆರೆಯಲಾಗುತ್ತದೆಯೇ? ಮಾರನೆಯ ದಿನ ಕಮಲಾಕ್ಷಮ್ಮ ಬಂದರು. ದಪ್ಪ ಕನ್ನಡಕದ, ಹೆಚ್ಚು ಮಾತಿಲ್ಲದ ಹೆಂಗಸು. ಮನೆ ತಂಪಾಗಿದೆ ಎಂದು ಎದ್ದು ಒಳಗೆ ಹೋದರು. ನಾನು ಹಿಂದೆಯೇ ಹೋದೆ. ಅವರು ಗೋಡೆ ಕುಟ್ಟಲಿಲ್ಲ. ಅಂಗೈ ಊರಿ ಹಾಗೇ ನಿಂತರು, ತುಂಬ ಹೊತ್ತು. ಕೈ ತೆಗೆದಾಗ ಅಂಗೈಯೆಲ್ಲ ಬಿಳಿ. "ನುಣ್ಣಗಿದೆ" ಎಂದರಷ್ಟೆ. ಕಳ್ಳತನ ಸಿಕ್ಕಿಬಿತ್ತೆಂದುಕೊಂಡೆ. ಆದರೆ ಸಂಜೆಗೆಲ್ಲ ಹುಡುಗಿ ಒಪ್ಪಿಗೆ ಎಂದು ಹೇಳಿ ಕಳಿಸಿದರು. ತುಂಗ ನನ್ನ ಮುಂದೆ ಬಾಳೆಎಲೆ ಹಾಕಿ ಪಾಯಸ ಬಡಿಸಿ, "ಹೇಗೆ?" ಎಂಬಂತೆ ಹುಬ್ಬು ಹಾರಿಸಿದಳು.

ನಿಶ್ಚಿತಾರ್ಥಕ್ಕೆ ದಿನ ಗೊತ್ತುಮಾಡಿದರು. ಈ ನಡುವೆ ಗೋಡೆ ನೋಡಲು ಬರುತ್ತೇನೆಂದ ಡಾಕ್ಟರಿಗೆ ತುಂಗ ಒಂದಲ್ಲ ಒಂದು ನೆಪ ಹೇಳಿ ಮುಂದೆ ಹಾಕಿದಳು. ಹಪ್ಪಳ ಒಣಗಿಸುವ ದಿನ ಮಾಳಿಗೆಯಿಂದ ಇಳಿಯುವಾಗ ಅವಳು ಅರ್ಧ ಮೆಟ್ಟಿಲಿನಲ್ಲೇ ಕೂತಳು. ಉಸಿರು ಸಿಗುತ್ತಿರಲಿಲ್ಲ. ಹಪ್ಪಳದ ತಟ್ಟೆಯನ್ನು ಮಾತ್ರ ಕೈಬಿಟ್ಟಿರಲಿಲ್ಲ. ನಾನು ಅವಳನ್ನು ಕೇಳದೆ ಡಾಕ್ಟರಿಗೆ ಫೋನ್ ಮಾಡಿದೆ.

ಮಂದಾಕಿನಿ ಬಂದು ಗೋಡೆ ನೋಡಿದರು. ಅಡುಗೆಮನೆಯಿಂದ ದೋಸೆ ಮಗುಚುವ ಕೈ ಕೇಳಿ ತೆಗೆದುಕೊಂಡು ಸುಣ್ಣ ಕೆರೆಯತೊಡಗಿದರು. ಹಕ್ಕಳೆ ಉದುರಿತು. ಹಳೆಯ ಸಾಲು ನಿಂತಲ್ಲೇ ನಿಂತಿತ್ತು, ಮಾತ್ರೆ ತನ್ನ ಕೆಲಸ ಬಿಟ್ಟಿರಲಿಲ್ಲ. ಆದರೆ ಅದರ ಪಕ್ಕದಿಂದ, ಸುಣ್ಣದ ಮರೆಯಲ್ಲೇ, ಹೊಸದೊಂದು ಸಾಲು ಬಳಸಿಕೊಂಡು ಹೋಗಿ ಗೋಡೆಯ ಅದೇ ಒಡಲನ್ನು ಸೇರಿತ್ತು. ಎಕ್ಸ್‌ಚೇಂಜಿನಲ್ಲಿ ನಾವೂ ಇದನ್ನೇ ಮಾಡುತ್ತಿದ್ದೆವು. ನೇರ ಲೈನ್ ಕಡಿದುಹೋದರೆ ಇನ್ನೊಂದು ಊರಿನ ಮೇಲೆ ಸುತ್ತಿಸಿ ಮಾತು ಮುಟ್ಟಿಸುತ್ತಿದ್ದೆವು. ಇರುವೆಗಳ ಬುದ್ಧಿಗೆ ನನಗೆ ಕೋಪವೂ ಬಂತು, ಸೋಜಿಗವೂ ಆಯಿತು, ಎಲ್ಲಕ್ಕಿಂತ ಹೆಚ್ಚಾಗಿ ಭಯವಾಯಿತು.

"ಹೊಗೇನಾ?" ಎಂದಳು ತುಂಗ.

"ಈಗ್ಲೇ ಬೇಡ. ಎರಡನೇ ಸಾಲಿಗೆ ಬೇರೆ ಮಾತ್ರೆ ಇದೆ, ಎರಡನ್ನೂ ಒಟ್ಟಿಗೆ ಕೊಡ್ತೀನಿ. ತಡೀಬಹುದು." ಡಾಕ್ಟರು ಸುಣ್ಣದ ಕೈ ಒರೆಸಿಕೊಂಡರು. "ತಡೀಬಹುದು ಅಂದೆ ಅಮ್ಮಾ, ತಡೆಯುತ್ತೆ ಅನ್ನಲಿಲ್ಲ. ಮೂರನೇ ದಾರಿ ಹುಡುಕಿದ್ರೆ ಮೂರನೇದು ನೋಡೋಣ. ಹೊಗೆ ಹಾಕ್ಲೇಬೇಕು ಅಂದ್ರೆ ಆವಾಗ ಹಾಕೋಣ, ನಾನೇ ಪಕ್ಕದಲ್ಲಿರ್ತೀನಿ. ಇದನ್ನ ಮೊದಲೇ ನೋಡಿದ್ರೆ ಇಷ್ಟು ಹಬ್ಬಕ್ಕೆ ಬಿಡ್ತಿರ್ಲಿಲ್ಲ." ಅವರು ಗದರಿಸಲಿಲ್ಲ. ಗದರಿಸಿದ್ದರೇ ಚೆನ್ನಾಗಿತ್ತು.

ನಿಶ್ಚಿತಾರ್ಥದ ಬೆಳಿಗ್ಗೆಯ ಹೊತ್ತಿಗೆ ಹೊಸ ಮಾತ್ರೆ ಶುರುವಾಗಿ ಸ್ವಲ್ಪ ದಿನವಾಗಿತ್ತು. ಎರಡನೇ ಸಾಲು ತೆಳುವಾಗಿತ್ತು, ನಿಂತಿರಲಿಲ್ಲ. ಗೋಡೆ ನೋಡುವ ಹಾಗಿರಲಿಲ್ಲ: ಕೆರೆದ ಸುಣ್ಣ, ಕೆಮ್ಮಣ್ಣು, ನಡುವೆ ಮುಷ್ಟಿಯಷ್ಟು ಉಬ್ಬು. ತುಂಗ ರೇಷ್ಮೆ ಸೀರೆಯುಟ್ಟು ಮಂಚದ ಮೇಲೆ ಕೂತಿದ್ದಳು. "ಬೀರು ತಂದಿಡಿ ಅತ್ತಿಗೆ. ಇವತ್ತೊಂದು ದಿನ" ಎಂದಳು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ವಾರಿಜ ಮಾತ್ರ, "ಯಾಕಮ್ಮ? ಕಾಯಿಲೆ ಬಂದಿರೋದು, ಕದ್ದಿರೋದಲ್ಲ" ಎಂದಳು. ತಾಯಿ ಕೇಳಲಿಲ್ಲ. ಸರಿ ಎಂದು ನಾವಿಬ್ಬರೂ ಹಜಾರದ ಕಬ್ಬಿಣದ ಬೀರುವಿಗೆ ಕೈಹಚ್ಚಿದೆವು. ಅದು ನೆಲವನ್ನು ಕೆರೆಯುತ್ತ ಕಿರ್ರೆಂದು ಬೀದಿಗೆಲ್ಲ ಕೇಳುವ ಹಾಗೆ ಒಳಗೆ ಬಂತು. ತುಂಗ ನಮ್ಮನ್ನು ನೋಡುತ್ತಿರಲಿಲ್ಲ, ಗೋಡೆಯನ್ನು ನೋಡುತ್ತಿದ್ದಳು. ಹಳೆಯ ಸಾಲಿನಲ್ಲಿ ನಿಂತ ಇರುವೆ, ಹೊಸ ಸಾಲಿನಲ್ಲಿ ಇನ್ನೂ ಓಡುವ ಇರುವೆ. ಬೀರು ಕೋಣೆಯ ನಟ್ಟನಡುವೆ ಬಂದಾಗ ಅವಳು ಕೈಯೆತ್ತಿದಳು.

"ಸಾಕು."

"ಇನ್ನೆರಡು ಮೊಳ ಇದೆ ಕಣೇ."

"ಸಾಕು ಅತ್ತಿಗೆ. ಒಂದ್ಸಲ ಮುಚ್ಚಿಟ್ಟು ಏನಾಯ್ತು ನೋಡಿದ್ರಲ್ಲ. ಬಂದವರು ನೋಡ್ಲಿ. ಎದ್ದು ಹೋಗೋರಾದ್ರೆ ಇವತ್ತೇ ಹೋಗ್ಲಿ." ನನಗೆ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು. ನಮ್ಮಲ್ಲಿ ಆ ರೂಢಿ ಇಲ್ಲದ್ದರಿಂದ ಅವಳ ಸೀರೆಯ ನೆರಿಗೆ ಸರಿಮಾಡಿದೆ.

ಬೀರು ಕೋಣೆಯ ನಡುವೆಯೇ ಉಳಿಯಿತು. ಹೊರಗೆ ಗಂಡಿನ ಕಡೆಯವರು ಬಂದು ಕೂತರು, ತಟ್ಟೆಗಳು ಬಂದವು, ಪದ್ಮನಾಭ ವಾರಿಜಳನ್ನು ಕದ್ದು ಕದ್ದು ನೋಡಿದ. ತಾಂಬೂಲ ಬದಲಾಯಿಸುವ ಮುಂಚೆ ತುಂಗ ತಾನೇ ಎದ್ದು ಕಮಲಾಕ್ಷಮ್ಮನ ಮುಂದೆ ನಿಂತಳು. "ಒಂದ್ನಿಮಿಷ ಒಳಗೆ ಬನ್ನಿ. ಆವತ್ತು ನಾನು ನಿಮಗೆ ಸುಣ್ಣ ತೋರಿಸಿದ್ದೆ, ಇವತ್ತು ಗೋಡೆ ತೋರಿಸ್ತೀನಿ" ಎಂದಳು. ಕಮಲಾಕ್ಷಮ್ಮ ಬೀರುವಿನ ಪಕ್ಕದಲ್ಲಿ ಅಡ್ಡಡ್ಡ ನುಸುಳಿ ಬಂದು ಗೋಡೆಯ ಮುಂದೆ ನಿಂತರು. ನಾನು ವಾರಿಜಳ ಕೈ ಹಿಡಿದು ಬಾಗಿಲಲ್ಲಿ ನಿಂತೆ.

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡರು. ಬಗ್ಗಿ ನೋಡಿದರು. ಆಮೇಲೆ ರೇಷ್ಮೆ ಸೀರೆ ಮಣ್ಣಾಗುವುದನ್ನೂ ಲೆಕ್ಕಿಸದೆ ನೆಲದ ಮೇಲೆ, ಡಾಕ್ಟರು ಕೂರುವ ಜಾಗದಲ್ಲೇ, ಕೂತರು. ಅವರ ಬೆರಳು ಹಳೆಯ ಸಾಲಿನ ನಿಂತ ಇರುವೆಗಳ ಹತ್ತಿರ ಹೋಗಿ ಮುಟ್ಟದೆ ತಡೆಯಿತು.

"ಇವು ನಿಂತಿವೆ" ಎಂದರು. "ಇವು ನಿಲ್ತಾವಾ? ಯಾವ ಮಾತ್ರೆಗೆ ನಿಂತ್ವು?"

ಅಂದು ಸುಣ್ಣದ ಗೋಡೆಗೆ ಅಂಗೈ ಊರಿ ನಿಂತಿದ್ದ ಹೆಂಗಸು ತಪ್ಪು ಹುಡುಕುತ್ತಿರಲಿಲ್ಲವೆಂದು ನನಗೆ ಆಗ ಹೊಳೆಯಿತು. ಉಬ್ಬಿಲ್ಲದ ಗೋಡೆ ಕೈಗೆ ಹೇಗಿರುತ್ತದೆಂದು ಅವರು ನೋಡುತ್ತಿದ್ದರು.

ತುಂಗ ಬೀರು ಹಿಡಿದುಕೊಂಡು ಮೆಲ್ಲಗೆ ಅವರ ಪಕ್ಕದಲ್ಲಿ ಕೂತಳು. "ಎಲ್ರಿಗೂ ಒಂದೇ ಮಾತ್ರೆ ಅಲ್ಲ ಬೀಗಿತ್ತಿ. ಮೊದ್ಲು ಗೋಡೆ ನೋಡ್ಬೇಕು."

"ನಾನೂ ಬೀರು ಅಡ್ಡ ಇಟ್ಟಿದೀನಿ" ಎಂದರು ಕಮಲಾಕ್ಷಮ್ಮ. "ನನ್ನ ಮಗನಿಗೂ ಗೊತ್ತಿಲ್ಲ. ಮದುವೆ ಒಂದು ಆಗ್ಲಿ ಅಂತ."

ಅವರಿಬ್ಬರೂ ಹಾಗೇ ನೆಲದ ಮೇಲೆ ಇರುವೆ ನೋಡುತ್ತ ಕೂತಿದ್ದರು. ಹೊರಗೆ ಪುರೋಹಿತರು ಮುಹೂರ್ತ ಮೀರುತ್ತಿದೆ ಎಂದು ಎರಡು ಸಲ ಕೂಗಿದರು. ಕೊನೆಗೆ ತುಂಗ ನನ್ನ ಕಡೆ ತಿರುಗಿದಳು. ಜಗಳ ತೆಗೆಯುವಾಗಿನ ಅದೇ ಗಟ್ಟಿ ದನಿ ಎಷ್ಟೋ ದಿನದ ಮೇಲೆ ಅವಳಿಗೆ ಮರಳಿತ್ತು.

"ತಾಂಬೂಲ ಮುಗೀಲಿ ಅತ್ತಿಗೆ, ಆಮೇಲೆ ಈ ಸೀರೆ ಬಿಚ್ಚಿಟ್ಟು ಹಳೇ ಸೀರೆ ಉಟ್ಕೊಳ್ಳಿ. ಡಾಕ್ಟರಿಗೂ ಫೋನ್ ಮಾಡಿ. ಇವರ ಮನೆಗೆ ಹೋಗಿ ಬೀರು ಸರಿಸ್ಬೇಕು."